ಎಡಗಡೆ ಸಾಲಿನ ಹುಡುಗಿಯರು

೨೩ ಜೂನ್ ೨೦೦೩, ಯಲಬುರ್ಗಾ

ಅಂತೂ ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಪತ್ರ ಮೊದಲು ಕಡಲಿನ ಬದಿಯ ಮಂಗಳೂರಿಗೆ ಹೋಗಿ, ಅಲ್ಲಿಂದ ನಮ್ಮ ಶಾಲೆಯಿರುವ ಯಲಬುರ್ಗಾ ತಾಲೂಕಿನ ಮಂಗಳೂರಿಗೆ ತಿರುಗಿ ಬಂದಿದೆ. ಲಕೋಟೆಯ ಮೇಲೆ ಅಷ್ಟೂ ಅಂಚೆ ಮುದ್ರೆ. ಮುಖ್ಯೋಪಾಧ್ಯಾಯ ಓಬಳೆಪ್ಪ ಸರ್ ಅದನ್ನು ನನ್ನ ಕೈಗೆ ಕೊಡುತ್ತ, ನಿಮಗಿಂತ ಹೆಚ್ಚು ಊರು ಇದೇ ನೋಡಿದೆ ಎಂದರು.

"ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯರ ಮೌನ: ಕಾರಣಗಳ ಒಂದು ಅಧ್ಯಯನ." ಶೀರ್ಷಿಕೆ ನನ್ನದೇ. ಅಂಚೆ ತೆರಪಿನ ಎಂ.ಎಡ್.ನಲ್ಲಿ ಬರೆಯುವ ಪರೀಕ್ಷೆಗಳೆಲ್ಲ ಮುಗಿದವು, ಪ್ರಬಂಧ ಒಂದು ಉಳಿದಿದೆ. ಕೆಲಸ ಮಾಡುವ ಶಾಲೆಯಲ್ಲೇ, ನನ್ನ ಪಾಠದ ನಡುವೆಯೇ ಸಂಶೋಧನೆ ಮಾಡಬೇಕು. ಮುಂದಿನ ಮೇ ತಿಂಗಳೊಳಗೆ ಕೊಡದಿದ್ದರೆ ನೋಂದಣಿ ರದ್ದಾಗುತ್ತದೆ. ಎರಡು ಸಲ ಅವಧಿ ಕೇಳಿಕೊಂಡಾಗಿದೆ, ಮೂರನೆಯ ಸಲ ಕೊಡುವುದಿಲ್ಲ.

ಈ ಸಲ ಮುಗಿಸುತ್ತೇನೆ. ಮನೆಯವರಿಗೂ ಹೇಳಿದ್ದೇನೆ, ಮಗಳು ಅಮೃತಾಗೂ ಹೇಳಿದ್ದೇನೆ. ಇನ್ನು ಒಂದು ವರ್ಷ ನನ್ನನ್ನು ಮದುವೆ, ಮುಂಜಿ, ನಾಮಕರಣ ಯಾವುದಕ್ಕೂ ಕರೆಯಬೇಡಿ.

೧೪ ಜುಲೈ

ವೀಕ್ಷಣೆ ಶುರುವಾಯಿತು. ವಿಜ್ಞಾನ ಪಾಠ ಮಾಡುತ್ತ ಪ್ರಶ್ನೆ ಕೇಳುವುದು, ಉತ್ತರ ಕೊಟ್ಟವರು ಹುಡುಗರೋ ಹುಡುಗಿಯರೋ ಎಂದು ಮೇಜಿನ ಮೇಲಿನ ಹಾಳೆಯಲ್ಲಿ ಗೆರೆ ಎಳೆಯುವುದು, ಯಾರೂ ಮಾತಾಡದಿದ್ದರೆ ಸೊನ್ನೆ ಹಾಕುವುದು. ಕೆಲಸ ಸುಲಭ. ನೋಡಲು ಮಾತ್ರ ಸಂಕಟ. ಬಲಗಡೆಯ ಹುಡುಗರು ತಪ್ಪೋ ಸರಿಯೋ ಒದರುತ್ತಾರೆ. ಎಡಗಡೆಯ ಹುಡುಗಿಯರಿಗೆ ಬಾಯಿ ಸತ್ತು ಹೋಗಿದೆ. ತುಟಿ ಅಲ್ಲಾಡುತ್ತವೆ, ಮಾತು ಹೊರಗೆ ಬರುವುದಿಲ್ಲ. ಕೇಳಿದರೆ ಒಂದರ ಮುಖ ಒಂದು ನೋಡಿಕೊಳ್ಳುತ್ತವೆ.

ಕುಷ್ಟಗಿಯ ಶಾಲೆಯಲ್ಲಿ ಕಲಿಯುವಾಗ ನನಗೆ ಬಾಯಿಬಡಕಿ ಎಂದು ಹೆಸರಿತ್ತು. ನಮ್ಮಪ್ಪನೇ ಇಟ್ಟದ್ದು, ಹೆಮ್ಮೆಯಿಂದ. ಇವಕ್ಕೆ ಯಾರು ಬಾಯಿ ಹೊಲಿದರು ಎಂಬುದನ್ನು ಕಂಡುಹಿಡಿದೇ ತೀರುತ್ತೇನೆ.

೨ ಆಗಸ್ಟ್

ಹೊಸ ಕುಕ್ಕರು ಸರಿಯಿಲ್ಲ. ಸೀಟಿ ಹಾಕುವುದೇ ಇಲ್ಲ, ಬೇಳೆ ತಳ ಹಿಡಿಯಿತು. ಅಂಗಡಿಗೆ ವಾಪಸು ಕೊಡಿ ಎಂದರೆ ಮನೆಯವರು ನನ್ನ ಮುಖ ನೋಡಿ ಸುಮ್ಮನಾದರು. ಅಮೃತಾ ಕೂಡ ಈಚೆಗೆ ಬಾಯೊಳಗೇ ಗೊಣಗುತ್ತಾಳೆ. ಹತ್ತನೇ ತರಗತಿಗೆ ಬಂದ ಮೇಲೆ ಎಲ್ಲ ಮಕ್ಕಳೂ ಹೀಗೇನೋ. ಇವಳ ಮೌನಕ್ಕೂ ಒಂದು ಅಧ್ಯಾಯ ಇಡಬೇಕು.

೧೯ ಆಗಸ್ಟ್

ಮನೆ ಭೇಟಿ ಆರಂಭಿಸಿದೆ. ಹುಡುಗಿಯರನ್ನು ಮನೆಯಲ್ಲಿ ಹೇಗೆ ಬೆಳೆಸುತ್ತಾರೆ ಎಂದು ತಿಳಿಯಬೇಕಲ್ಲ. ಇಂದು ಶಾಲೆ ಬಿಟ್ಟ ಮೇಲೆ ಕರಿಯವ್ವನ ಮನೆಗೆ ಹೋದೆ. ಮೊದಲ ಸಾಲಿನಲ್ಲಿ ಕೂರುವ ಹುಡುಗಿ, ಬರವಣಿಗೆ ಅಚ್ಚುಕಟ್ಟು, ಬಾಯಿ ಮಾತ್ರ ಇಲ್ಲ. ತಾಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ನಿಮ್ಮ ಮಗಳಿಗೆ ಮನೆಯಲ್ಲಿ ಮಾತಾಡಲು ಬಿಡುತ್ತೀರಾ ಎಂದು ನಾನು ಕೇಳಿದ್ದಕ್ಕೆ ಅವರು ಸುಲಿಯುವುದನ್ನು ನಿಲ್ಲಿಸಿದರು.

"ಬಿಡೂದೇನ್ರಿ ಅಕ್ಕೋರ. ಇಕಿ ಬಾಯಿ ಮುಚ್ಚಿದ್ರ ಸಾಕಂತೇವಿ ನಾವು. ಸಾಲ್ಯಾಗ ಏನ ನಡೀತು ಅಂತ ರೊಟ್ಟಿ ಬಡಿಯೂತನಾ ಹೇಳ್ತಾಳ."

ಒಳಗಿನಿಂದ ನಗು ಕೇಳಿಸಿತು. ಕರಿಯವ್ವನ ಅಣ್ಣ ಇರಬೇಕು.

ಬಂದವರ ಮುಂದೆ ತಾಯಂದಿರು ಹೀಗೆ ಹೇಳುವುದು ಸಹಜ. ಇದನ್ನು ಹಾಳೆಯಲ್ಲಿ ಬರೆದುಕೊಂಡೆ. ಯಾವ ಕಲಮಿಗೆ ಸೇರಿಸಬೇಕೆಂದು ಮಾತ್ರ ತಿಳಿಯಲಿಲ್ಲ.

೬ ಸೆಪ್ಟೆಂಬರ್

ರಜೆ ಹಾಕಿ ಗಂಗಾವತಿಗೆ ಹೋಗಿದ್ದೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಗಿಣಿಗೇರಾದ ಕಾರ್ಖಾನೆ ಹೊಗೆ ದಾಟಿ, ಭತ್ತದ ಗದ್ದೆಗಳ ಹಸಿರು ಸಿಗುವ ಹೊತ್ತಿಗೆ ಮನಸ್ಸು ಹಗುರಾಗಿತ್ತು. ನನ್ನ ಮಾರ್ಗದರ್ಶಕರು ಗೋವಿಂದರಾಜ ಸರ್. ಅಲ್ಲಿಯ ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ದೊಡ್ಡ ದನಿಯ ಮನುಷ್ಯ. ಹಾಳೆಗಳನ್ನು ನೋಡಿ ಬಹಳ ಖುಷಿಪಟ್ಟರು. ಹುಡುಗಿಯರ ಉತ್ತರ ಇಷ್ಟು ಕಡಿಮೆ ಇರುವ ತರಗತಿಯನ್ನು ತಾವು ನೋಡಿಲ್ಲವಂತೆ. ಹಿಂದಿನ ಸಂಶೋಧನೆಗಳಿಗೂ ಹೊಂದುತ್ತದೆ, ಅವಕ್ಕಿಂತ ಗಟ್ಟಿಯಾಗಿಯೂ ಇದೆ ಎಂದರು.

ಒಂದೇ ಕೊರತೆ. ಒಬ್ಬರೇ ನೋಡಿ ಬರೆದದ್ದನ್ನು ಪರೀಕ್ಷಕರು ಒಪ್ಪುವುದಿಲ್ಲ. ಇನ್ನೊಬ್ಬ ಶಿಕ್ಷಕರು ಅದೇ ತರಗತಿಯಲ್ಲಿ ಕೂತು ಅದೇ ನಮೂನೆ ತುಂಬಬೇಕು, ಎರಡೂ ತಾಳೆಯಾಗಬೇಕು. ನಮ್ಮ ಹಿಂದಿ ಶಿಕ್ಷಕಿಯನ್ನು ಕೇಳಿದರಾಯಿತು. ತಾಳೆಯಾಗದೆ ಎಲ್ಲಿಗೆ ಹೋಗುತ್ತದೆ.

೨೨ ಸೆಪ್ಟೆಂಬರ್

ಇಂದು ಹಿಂದಿಯ ನೂರಜಾನಬಿ ಮೇಡಂ ನನ್ನ ತರಗತಿಯಲ್ಲಿ ಕೂತರು. ಹುಡುಗಿಯರ ಬದಿ, ಎರಡನೆಯ ಬೆಂಚಿನ ಅಂಚಿಗೆ. ಅಂಗಾಂಶಗಳ ಪಾಠ. ಗಂಟೆ ಮುಗಿದ ಮೇಲೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಬೇರೆ ಬೇರೆ ಶಾಲೆಗಳಂತಿದ್ದವು. ಹುಡುಗರ ಸಾಲು ಸರಿಯಾಗಿದೆ. ನಾನು ಸೊನ್ನೆ ಹಾಕಿದ ಕಡೆಯೆಲ್ಲ ಅವರು ಹುಡುಗಿಯರ ಹೆಸರಿಗೆ ಗೆರೆ ಎಳೆದಿದ್ದಾರೆ.

ನನಗೆ ಸಿಟ್ಟು ಬಂತು. ಪಾಪ ಹುಡುಗಿಯರು ಎಂದು ಕರುಣೆಗೆ ಗೆರೆ ಎಳೆಯುವುದಲ್ಲ, ಇದು ಸಂಶೋಧನೆ ಎಂದೆ. ಶಿಕ್ಷಕರ ಕೊಠಡಿಯಲ್ಲಿ ಉಳಿದವರೂ ಇದ್ದರು. ಮೇಡಂ ಮುಖ ಕೆಂಪು ಮಾಡಿಕೊಂಡು, ಕೇಳಿದ್ದಕ್ಕೆ ಗೆರೆ ಹೊಡೆದಿದ್ದೇನೆ, ಕೇಳದ್ದಕ್ಕಲ್ಲ ಎಂದರು. ಆಮೇಲೆ ಇನ್ನೇನೋ ಹೇಳಲು ಹೋಗಿ ಬಿಟ್ಟರು. ಬೇಕಾದರೆ ಟೇಪ್ ರೆಕಾರ್ಡರ್ ತಂದು ತೋರಿಸುತ್ತೇನೆ ಎಂದು ನಾನೂ ಬಂದುಬಿಟ್ಟೆ.

೨೪ ಸೆಪ್ಟೆಂಬರ್

ಮಾತಿಲ್ಲ. ನೂರಜಾನಬಿ ಮೇಡಂ ಚಹಾ ಕುಡಿಯಲು ಬೇರೆ ಕಡೆ ಕೂತರು. ಕೂರಲಿ.

ಟೇಪ್ ರೆಕಾರ್ಡರನ್ನು ಹುಡುಗಿಯರ ಬೆಂಚಿನ ಮೇಲೆ ಇಟ್ಟು ಇಡೀ ಪಾಠ ಮುದ್ರಿಸಿಕೊಂಡಿದ್ದೇನೆ. ದಸರಾ ರಜೆಯಲ್ಲಿ ಕೂತು ಕೇಳಿ ಬರೆದಿಟ್ಟರೆ ವಾದಕ್ಕೇ ಜಾಗ ಇರುವುದಿಲ್ಲ.

೧೧ ಅಕ್ಟೋಬರ್

ಬೆಳಿಗ್ಗೆ ಟೇಪ್ ಹಚ್ಚಿದೆ. ನನ್ನ ಪ್ರಶ್ನೆ, ಆಮೇಲೆ ಮೌನ, ಆಮೇಲೆ ಹುಡುಗರ ಗದ್ದಲ. ಬರೆದುಕೊಂಡೆ. ಅಮೃತಾ ಪಕ್ಕದಲ್ಲಿ ಕೂತು ಗಣಿತ ಬಿಡಿಸುತ್ತಿದ್ದಳು. ನೀರು ಮೇಲಕ್ಕೆ ಸಾಗಿಸುವ ಅಂಗಾಂಶ ಯಾವುದು ಎಂದು ಟೇಪಿನಲ್ಲಿ ನಾನು ಕೇಳಿದೆ. ಮೌನ. ಸೊನ್ನೆ ಹಾಕಿದೆ. ಅಮೃತಾ ತಲೆ ಎತ್ತಿ ನೋಡಿದಳು. ಏನೋ ಅಂದಳು. ಏನೇ ಎಂದೆ. ಎದ್ದು ಬಂದು ನನ್ನ ಮುಂದೆ ಕೂತು ಮುಖಕ್ಕೆ ಮುಖ ಕೊಟ್ಟು ಹೇಳಿದಳು.

"ಕ್ಸೈಲಂ ಅಂದಾಳಲ್ಲವ್ವ ಹುಡುಗಿ. ಸೊನ್ನಿ ಯಾಕ ಹಾಕಿದಿ?"

ಯಾವ ಹುಡುಗಿ ಎಂದೆ. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದಳು. ಇಲ್ಲ. ದನಿ ಹೆಚ್ಚಿಸಿದಳು. ನನ್ನ ಪ್ರಶ್ನೆಯೇ ಮನೆ ನಡುಗುವಂತೆ ಬಂತು, ಅದರ ಹಿಂದೆ ಮತ್ತೆ ಏನೂ ಇಲ್ಲ. ನಾನು ಟೇಪಿಗೆ ಕಿವಿ ಹಚ್ಚಿ ಕೂತೆ. ಅಡುಗೆಮನೆಯಲ್ಲಿದ್ದ ಮನೆಯವರು ಕೂಡ ಬಾಗಿಲಿಗೆ ಬಂದು ನಿಂತು, ಹೌದು, ಕ್ಸೈಲಂ ಅಂತ ಹೇಳಿದಳು, ನನಗೂ ಕೇಳಿಸಿತು ಎಂದರು.

ಆಮೇಲೆ ಅಮೃತಾಗೆ ಪೆನ್ನು ಕೊಟ್ಟೆ. ಅವಳು ಕೇಳುತ್ತ ಬರೆದಳು. ನಾನು ಪಕ್ಕದಲ್ಲಿ ಕೂತು ಅವಳು ಬರೆಯುವುದನ್ನು ನೋಡಿದೆ. ಟೇಪಿನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿದ್ದರಿಂದ ಯಾರು ಯಾರೆಂದು ತಿಳಿಯಿತಂತೆ. ಕರಿಯವ್ವ. ಮತ್ತೆ ಕರಿಯವ್ವ. ಹಂಪವ್ವ. ಹಿಂದಿನ ಬೆಂಚಿನ ಹೇಮಾ, ಉತ್ತರ ಹೇಳಿದ ಮೇಲೆ ನಕ್ಕಳು ಎಂದೂ ಬರೆದಳು. ಹಾಳೆ ತುಂಬಿತು.

ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕುತ್ತ ಕೂತಳು.

"ಕುಕ್ಕರ್ ಮೂರ ಸೀಟಿ ಹಾಕಿತ್ತವ್ವ ಅವತ್ತ. ಅಪ್ಪಗೂ ಗೊತ್ತೈತಿ. ನೀ ಬೈತಿ ಅಂತ ಸುಮ್ನಿದ್ವಿ."

೧೨ ಅಕ್ಟೋಬರ್

ಏನೂ ಬರೆಯಲು ಮನಸ್ಸಿಲ್ಲ.

೨೦ ಅಕ್ಟೋಬರ್

ಗಂಗಾವತಿಯ ಕಿವಿ ಡಾಕ್ಟರ ಬಳಿಗೆ ಮನೆಯವರು ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಬೆರಳೆತ್ತುತ್ತ ಹೋದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲದೆ, ಯಂತ್ರ ನಿಂತಿರಬೇಕೆಂದು ಹೊರಗೆ ನೋಡಿದರೆ, ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಳು. ಮನೆಯವರು ನೆಲ ನೋಡುತ್ತಿದ್ದರು.

ನರದ ದೋಷ. ಎರಡೂ ಕಿವಿ. ಡಾಕ್ಟರು ಗೆರೆ ಎಳೆದ ಕಾಗದ ತೋರಿಸಿ ತಿಳಿಸಿ ಹೇಳಿದರು.

"ದಪ್ಪ ದನಿ ನಿಮಗ ಛಲೋ ಕೇಳತೈತ್ರಿ. ಸಣ್ಣ ದನಿ ಹೋಗೇತಿ. ಹೆಣ್ಣಮಕ್ಕಳ ಮಾತು, ಸಣ್ಣ ಹುಡುಗರ ಮಾತು, ಸ, ಶ, ಚ ಇಂಥಾವು. ಅರ್ಧಾ ಕೇಳತಿರತಾವಲ್ಲ, ಅದಕ್ಕ ಭಾಳ ಮಂದಿಗೆ ತಮಗ ಗೊತ್ತ ಆಗಂಗಿಲ್ಲ."

ಹೋದದ್ದು ತಿರುಗಿ ಬರುವುದಿಲ್ಲವಂತೆ. ಯಂತ್ರ ಹಾಕಿಕೊಂಡರೆ ಒಂದಿಷ್ಟು ಕೆಲಸ ನಡೆಯುತ್ತದೆ, ರೂಢಿಯಾಗಲು ತಿಂಗಳುಗಳು ಬೇಕು.

ಅಲ್ಲಿಂದ ನೇರ ಗೋವಿಂದರಾಜ ಸರ್ ಮನೆಗೆ ಹೋದೆ. ಮನೆಯವರು ನಾಳೆ ಹೋದರಾಯಿತು ಎಂದರೂ ಕೇಳಲಿಲ್ಲ. ಸರ್ ಎಲ್ಲ ಕೇಳಿಸಿಕೊಂಡರು. ಹೆಂಡತಿಗೆ ಚಹಾ ತರಲು ಹೇಳಿದರು. ಒಳ್ಳೆಯ ಮನುಷ್ಯ, ನನ್ನ ಕಷ್ಟ ಕಡಿಮೆ ಮಾಡಲೆಂದೇ ಹೇಳಿದರು ಎಂದು ನನಗೆ ಗೊತ್ತು. ನಿಮ್ಮ ಮಾಹಿತಿ ಬೇರೆಯವರ ಅಧ್ಯಯನಗಳಿಗೆ ಹೊಂದುತ್ತದೆ, ಮೇ ತಿಂಗಳು ದೂರ ಇಲ್ಲ, ಕಿವಿಯ ವಿಚಾರ ನಿಮ್ಮ ಸ್ವಂತದ್ದು, ಅದನ್ನು ಯಾರು ಕೇಳುತ್ತಾರೆ, ಇದ್ದದ್ದನ್ನೇ ಬರೆದು ಕೊಡಿ ಎಂದರು.

"ಸರ್, ಅವರು ಮಾತಾಡ್ಯಾರ," ಎಂದೆ.

"ಯಾರ್ರಿ?"

"ಹುಡುಗ್ಯಾರು. ಮೊದಲನೇ ದಿನದಿಂದ ಮಾತಾಡ್ಯಾರ. ನಾನು ಇಲ್ಲ ಅಂತ ಬರಕೊಂಡೀನಿ."

ಸರ್ ಚಹಾದ ಬಸಿಯನ್ನು ಕೆಳಗಿಟ್ಟರು. ಹಾಗಾದರೆ ಇಷ್ಟು ದಿನದ ಹಾಳೆಗಳು ಹೋದ ಹಾಗೆ, ಹೊಸದಾಗಿ ಶುರು ಮಾಡಬೇಕು ಎಂದರು. ಮತ್ತು ಯಾಕೆ ಶುರು ಮಾಡಬೇಕಾಯಿತು ಎಂದು ಪ್ರಬಂಧದಲ್ಲಿ ಬರೆಯಬೇಕಾಗುತ್ತದೆ, ಹೆಸರು ಸಮೇತ, ಅದಕ್ಕೆ ತಯಾರಿದ್ದೀರಾ ಎಂದು ಕೇಳಿದರು.

ವಿಚಾರ ಮಾಡಿ ಹೇಳುತ್ತೇನೆ ಎಂದು ಬಂದೆ.

೨೧ ಅಕ್ಟೋಬರ್

ಕೆಪ್ಪ ಅಕ್ಕೋರು. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಈ ಹೆಸರು ಹುಟ್ಟಲು ಒಂದು ದಿನ ಸಾಕು. ಕೇಳದವರು ಪಾಠ ಹೇಗೆ ಮಾಡುತ್ತಾರೆ ಎಂದು ಇಲಾಖೆಯವರು ಕೇಳಿದರೆ ಏನು ಹೇಳಲಿ. ನಾನೇ ಬೇರೆಯವರ ಬಗ್ಗೆ ಹಾಗೆ ಕೇಳಿರುತ್ತಿದ್ದೆ.

ಕಿವಿಯ ವಿಚಾರ ಬರೆಯದೆ ಕೊಟ್ಟರೂ ಎಂ.ಎಡ್. ಆಗುತ್ತದೆ. ಕಪಾಟಿನಲ್ಲಿ ಒಂದು ಪ್ರಬಂಧ ಇರುತ್ತದೆ. ಮಂಗಳೂರಿನ ಹುಡುಗಿಯರಿಗೆ ಬಾಯಿಲ್ಲ ಎಂದು ಅದರಲ್ಲಿ ಇರುತ್ತದೆ. ಮುಂದೆ ಬರೆಯುವವರು ಅದನ್ನು ಎತ್ತಿ ಬರೆಯುತ್ತಾರೆ, ನಾನು ಹಿಂದಿನವರನ್ನು ಎತ್ತಿ ಬರೆದಂತೆ.

ಇಲ್ಲ. ಹೊಸದಾಗಿ ಶುರು.

೩ ನವೆಂಬರ್

ರಜೆ ಮುಗಿದು ಶಾಲೆ ಶುರುವಾಯಿತು. ನೂರಜಾನಬಿ ಮೇಡಂ ಬರುವವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಎಲ್ಲರ ಮುಂದೆ ಅಂದ ಮಾತು, ಎಲ್ಲರ ಮುಂದೆಯೇ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅದೇನೂ ಬೇಡ ಎಂದರು. ಡಾಕ್ಟರು ಹೇಳಿದ್ದನ್ನು ತಿಳಿಸಿ, ನಿಮಗೂ ಇದು ಗೊತ್ತಿತ್ತೇ ಎಂದೆ.

"ನಿಮಗ ಕೇಳ್ಸಂಗಿಲ್ಲ ಅಂತ ಗೊತ್ತಿತ್ರಿ. ಅದು ನಿಮಗ ಗೊತ್ತಿಲ್ಲ ಅಂತ ಗೊತ್ತಿದ್ದಿಲ್ಲ."

ವರ್ಷದಿಂದ ಅವರು ನನ್ನೊಡನೆ ಎದುರು ನಿಂತು, ಬಾಯಿ ಬಿಡಿಸಿ ಮಾತಾಡುತ್ತಿದ್ದರಂತೆ. ಹಿಂದಿ ಹೇಳಿಕೊಡುವವರ ಮಾತೇ ಹಾಗೆ ಎಂದು ನಾನು ತಿಳಿದಿದ್ದೆ.

ಮಾಡಬೇಕಾದ್ದನ್ನು ಇಬ್ಬರೂ ಕೂತು ಗೊತ್ತು ಮಾಡಿದೆವು. ಅವರು ಕೇಳಿ ಬರೆಯುವುದು, ನಾನು ಹುಡುಗಿಯರನ್ನು ಮಾತಾಡಿಸುವುದು. ನನ್ನ ತರಗತಿ ಒಂದೇ ಸಾಲದು, ಉಳಿದ ಶಿಕ್ಷಕರ ಪಾಠದಲ್ಲೂ ಕೂರಬೇಕು. ಅವರಿಗೆ ಕಿವಿ ಕೇಳಿಸುತ್ತದೆ, ಅಲ್ಲಿ ಹುಡುಗಿಯರ ಉತ್ತರ ಶಿಕ್ಷಕರಿಗೆ ಎಷ್ಟು ಮುಟ್ಟುತ್ತದೆ ಎಂದು ನೋಡಿದರೆ ನನ್ನ ತಪ್ಪಿನ ಅಳತೆ ಸಿಗುತ್ತದೆ.

೧೭ ನವೆಂಬರ್

ಒಂಬತ್ತನೇ ತರಗತಿಗೆ ಇಂದು ಹೇಳಿದೆ. ಪುಸ್ತಕ ತೆರೆಯುವ ಮುಂಚೆ, ನಿಂತುಕೊಂಡು. ನನಗೆ ಸಣ್ಣ ದನಿ ಕೇಳಿಸುವುದಿಲ್ಲ, ಇದು ನನ್ನ ಕಿವಿಯ ದೋಷ, ನೀವು ಹೇಳಿದ ಎಷ್ಟೋ ಉತ್ತರ ನಾನು ಕೇಳಿಸಿಕೊಂಡಿಲ್ಲ ಎಂದೆ. ಹುಡುಗರ ಕಡೆಯಿಂದ ಒಂದು ನಗು ಬಂದು ಅಲ್ಲೇ ನಿಂತಿತು. ಹುಡುಗಿಯರು ನಗಲಿಲ್ಲ.

ಪಾಠ ಮುಗಿದ ಮೇಲೆ ಕರಿಯವ್ವ ಮೇಜಿನ ಹತ್ತಿರ ಬಂದಳು. ನಾನು ಬಾಗಿದೆ. ಅವಳು ನಿಧಾನಕ್ಕೆ, ಕಿವಿಯ ಹತ್ತಿರವೇ ಹೇಳಿದಳು.

"ನೀವು ನಮ್ಮನ್ನ ದಾಟಿ ಹುಡುಗ್ರ ಕಡೆ ಹೋಗ್ತಿದ್ರೆಲ್ರಿ ಅಕ್ಕೋರ, ನಾವು ಹೇಳಿದ್ದು ತಪ್ಪೇತಿ ಅಂತ ತಿಳಕೋತಿದ್ವಿರಿ."

ಅವಳ ಕಿರುಪರೀಕ್ಷೆಯ ಉತ್ತರಪತ್ರಿಕೆ ಇನ್ನೂ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದೆ. ನೀರು ಸಾಗಿಸುವ ಅಂಗಾಂಶ: ಕ್ಸೈಲಂ ಎಂದು ಬರೆದು, ಹೊಡೆದು ಹಾಕಿ, ಫ್ಲೋಯಂ ಎಂದು ಬರೆದಿದ್ದಾಳೆ. ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, "ಗಮನವಿಟ್ಟು ಕೇಳು" ಎಂದು ಷರಾ ಬರೆದಿದ್ದೇನೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಯಲಬುರ್ಗಾ ಬಂದದ್ದು ತಿಳಿಯಲಿಲ್ಲ.

೮ ಡಿಸೆಂಬರ್

ಉಳಿದವರ ಪಾಠದಲ್ಲಿ ಕೂರಲು ಓಬಳೆಪ್ಪ ಸರ್ ಅನುಮತಿ ಬೇಕಿತ್ತು. ಅವರೇ ಹತ್ತನೇ ತರಗತಿಗೆ ಗಣಿತ ಪಾಠ ಮಾಡುವವರು, ನನ್ನ ಪಟ್ಟಿಯಲ್ಲಿ ಅವರ ಪಾಠವೂ ಇದೆ. ಪೂರ್ತಿ ಕೇಳಿದ ಮೇಲೆ, ಸಹೋದ್ಯೋಗಿಗಳ ಪಾಠದಲ್ಲಿ ತಪ್ಪು ಹುಡುಕುವುದು ಶಾಲೆಗೆ ಒಳ್ಳೆಯದಲ್ಲ ಎಂದರು. ತಪ್ಪು ಹುಡುಕಲು ಹೊರಟದ್ದು ನನ್ನ ಪಾಠದಲ್ಲಿ, ಸಿಕ್ಕಿದೆ ಕೂಡ ಎಂದು ಕಿವಿಯ ಕಾಗದವನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಸರಿಯಾಗಿ ತಿರುಗಿಸಿ ಮತ್ತೆ ನೋಡಿದರು.

"ಇದನ್ನ ಪ್ರಬಂಧದಾಗ ಬರದ್ರ ಮ್ಯಾಲಿನವ್ರು ಓದ್ತಾರ್ರಿ ವಿರೂಪಾಕ್ಷಮ್ಮೋರ."

"ಓದ್ಲಿ ಅಂತನ ಬರಿಯಾಕತ್ತೀನ್ರಿ ಸರ್."

ಕಾಗದ ನನಗೆ ವಾಪಸು ಕೊಟ್ಟು, ಜನವರಿಯಿಂದ ಕೂತುಕೊಳ್ಳಿ, ಯಾರ ಹೆಸರೂ ಬರೆಯಬೇಡಿ ಎಂದರು. ನನ್ನದೊಂದನ್ನು ಬಿಟ್ಟು ಎಂದೆ.

೧೯ ಜನವರಿ ೨೦೦೪

ಕಿವಿಯ ಯಂತ್ರ ಬಂದಿದೆ. ಬೆಂಚು ಎಳೆಯುವ ಸದ್ದು ತಲೆಯೊಳಗೇ ಎಳೆದಂತಾಗುತ್ತದೆ. ಪುಟ ತಿರುಗಿಸುವುದಕ್ಕೂ ಸದ್ದಿದೆ ಎಂಬುದನ್ನು ಮರೆತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು. ಮೊದಲ ದಿನ ಸೆರಗು ಕಿವಿಯ ಮೇಲೆ ಎಳೆದುಕೊಂಡು ಹೋಗಿದ್ದೆ. ಹೇಮಾ ಅದು ರೇಡಿಯೋನೇನ್ರಿ ಎಂದು ಕೇಳಿದಳು. ತೆಗೆದು ಅವಳ ಅಂಗೈ ಮೇಲೆ ಇಟ್ಟೆ. ಇಡೀ ಎಡಸಾಲು ಬಂದು ನೋಡಿತು, ಆಮೇಲೆ ಹುಡುಗರೂ ಬಂದರು. ಈಗ ಸೆರಗು ಎಳೆದುಕೊಳ್ಳುವುದಿಲ್ಲ, ಸೆಖೆಯಾಗುತ್ತದೆ.

೧೬ ಫೆಬ್ರುವರಿ

ನೂರಜಾನಬಿ ಮೇಡಂ ತಿಂಗಳಿಂದ ಎಲ್ಲರ ಪಾಠದಲ್ಲೂ ಕೂರುತ್ತಿದ್ದಾರೆ. ಇಂದು ಹಾಳೆಗಳನ್ನು ಜೋಡಿಸಿ ನೋಡಿದೆವು. ಉಳಿದವರ ತರಗತಿಯಲ್ಲಿ ಹುಡುಗಿಯರ ಉತ್ತರ ನಷ್ಟವಾಗುವುದಿಲ್ಲ ಎಂದು ನಾನು ನಂಬಿದ್ದೆ. ಹಾಗಿಲ್ಲ. ನನ್ನಷ್ಟಿಲ್ಲ, ಆದರೆ ಇದೆ. ಹುಡುಗಿ ಮೆಲ್ಲಗೆ ಉತ್ತರ ಹೇಳುತ್ತಾಳೆ, ಶಿಕ್ಷಕರು ಇನ್ನೂ ಹುಡುಗರ ಕಡೆ ನೋಡುತ್ತ ನಿಂತಿರುತ್ತಾರೆ. ಅದೇ ಉತ್ತರವನ್ನು ಹುಡುಗನೊಬ್ಬ ಎತ್ತಿ ಜೋರಾಗಿ ಹೇಳುತ್ತಾನೆ, ಶಹಬ್ಬಾಸ್ ಅವನಿಗೆ. ಎಲ್ಲರ ಕಿವಿಯೂ ಛಲೋ ಇವೆ.

ನೂರಜಾನಬಿ ಮೇಡಂ ಹಾಳೆ ಮಡಚುತ್ತ, ತಮ್ಮ ಹಿಂದಿ ತರಗತಿಯನ್ನು ಯಾರಾದರೂ ನೋಡಬೇಕು ಎಂದರು. ನಗಲಿಲ್ಲ, ನಿಜವಾಗಿಯೇ ಹೇಳಿದರು. ಹೇಮಾ, ಹಂಪವ್ವ ಇಬ್ಬರಿಗೂ ನಮೂನೆ ತುಂಬಲು ಕಲಿಸಿ ಅವರ ತರಗತಿಯಲ್ಲಿ ಬರೆಯಲು ಹೇಳಿದ್ದೇವೆ.

ಗೋವಿಂದರಾಜ ಸರ್‌ಗೆ ಫೋನು ಮಾಡಿದೆ. ಅವರ ದನಿ ಯಾವತ್ತಿದ್ದರೂ ಕೇಳಿಸುತ್ತದೆ. ಶೀರ್ಷಿಕೆ ಬದಲಿಸಲು ಅರ್ಜಿ ಹಾಕಿ, ನಾನು ಸಹಿ ಮಾಡುತ್ತೇನೆ ಎಂದರು.

೧೧ ಏಪ್ರಿಲ್

ಚುನಾವಣೆ ಕೆಲಸಕ್ಕೆ ಹಾಕಿದ್ದಾರೆ. ತರಬೇತಿಗೆ ಕೊಪ್ಪಳ, ಮತಯಂತ್ರದ ಪೆಟ್ಟಿಗೆ ಹಿಡಿದು ಇನ್ನೆಲ್ಲಿಗೋ. ಮೂರನೇ ಅಧ್ಯಾಯ ಅರ್ಧದಲ್ಲಿದೆ. ಬರೆಯುವ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ತರಬೇತಿಯ ಸಭಾಂಗಣದಲ್ಲಿ ಮೈಕು ಗೊರಗೊರ ಎನ್ನುವಾಗ ಕಿವಿಯ ಯಂತ್ರ ಬಂದ್ ಮಾಡಿ, ಎರಡು ಪುಟ ಬರೆದೆ. ಇದೊಂದು ಅನುಕೂಲ ಇದೆಯಲ್ಲ.

೯ ಮೇ

ಪ್ರತಿ ಪ್ರಬಂಧಕ್ಕೂ "ಅಧ್ಯಯನದ ಮಿತಿಗಳು" ಎಂದು ಒಂದು ಭಾಗ ಇರುತ್ತದೆ. ಕಾಲದ ಅಭಾವ, ಒಂದೇ ಶಾಲೆ ಎಂದು ಎಲ್ಲರೂ ಬರೆಯುತ್ತಾರೆ. ಬೆಳಿಗ್ಗೆಯಿಂದ ಅದೊಂದೇ ಭಾಗ ಬರೆದೆ, ಹೊಡೆದೆ. ಮಧ್ಯಾಹ್ನ ಅಮೃತಾಗೆ ಓದಿ ಹೇಳಿದೆ: "ಸಂಶೋಧಕಿಗೆ ಶ್ರವಣದೋಷ ಇರುವುದು ಅಧ್ಯಯನದ ನಡುವೆ ತಿಳಿದುಬಂದ ಕಾರಣ, ಮೊದಲ ಹಂತದ ದತ್ತಾಂಶಗಳನ್ನು ಕೈಬಿಡಲಾಗಿದೆ." ಯಾರ ಬಗ್ಗೆಯೋ ಬರೆದ ಹಾಗಿದೆ ಎಂದಳು. ಸರಿ ಎಂದು ಇನ್ನೊಮ್ಮೆ ಬರೆದೆ:

"ನನಗೆ ಕಿವಿ ಮಂದ. ಈ ಮಕ್ಕಳು ಕೊಟ್ಟ ಉತ್ತರಗಳನ್ನು ನಾನು ಮೌನ ಎಂದು ದಾಖಲಿಸಿದ್ದೆ."

ಹೀಗೇ ಇರಲಿ.

೨೬ ಮೇ

ಕೊಟ್ಟೆ. ಗಂಗಾವತಿಯಲ್ಲಿ ಅಚ್ಚು, ರಟ್ಟು ಎರಡೂ ಆಯಿತು. ಹೊರಗಿನ ಅಕ್ಷರಗಳು ಬಂಗಾರದ ಬಣ್ಣ: "ಕೊಟ್ಟ ಉತ್ತರ, ಪಡೆದ ಉತ್ತರ: ಪ್ರೌಢಶಾಲಾ ತರಗತಿಯಲ್ಲಿ ಹುಡುಗಿಯರ ಮಾತು." ನಿದ್ದೆ ಮಾಡಬೇಕು.

೭ ಆಗಸ್ಟ್

ಗಂಗಾವತಿಯ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದ ಹೆಣ್ಣುಮಗಳು, ತೆಳ್ಳನೆಯ ದನಿ. ಉದ್ದ ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು, ತಲೆಯ ಮೇಲೆ ಫ್ಯಾನು. ಮೊದಲ ಪ್ರಶ್ನೆಯೇ ನನಗೆ ಮುಟ್ಟಲಿಲ್ಲ. ಗೋವಿಂದರಾಜ ಸರ್ ನನ್ನ ಪರವಾಗಿ ಅದನ್ನು ದೊಡ್ಡದಾಗಿ ಹೇಳಲು ಬಾಯಿ ತೆರೆದರು.

ಸರ್, ನಾನೇ ಕೇಳುತ್ತೇನೆ ಎಂದೆ. ಎದ್ದು ಕುರ್ಚಿ ಎತ್ತಿಕೊಂಡು ಹೋಗಿ ಪರೀಕ್ಷಕರ ಪಕ್ಕದಲ್ಲೇ ಇಟ್ಟುಕೊಂಡು, ಫ್ಯಾನು ಬಂದ್ ಮಾಡಿಸಿ, ಇನ್ನೊಮ್ಮೆ ಹೇಳಿ ಮೇಡಂ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಿಮ್ಮ ಕಿವಿ ಸರಿಯಾಗಿದ್ದಿದ್ದರೆ ಈ ಅಧ್ಯಯನ ಇನ್ನೂ ಚೆನ್ನಾಗಿ ಬರುತ್ತಿತ್ತು ಅನಿಸುವುದಿಲ್ಲವೇ?"

"ಕಿವಿ ಛಲೋ ಇದ್ದವ್ರೂ ಕೇಳಿಸ್ಕೊಂಡಿಲ್ರಿ ಮೇಡಂ. ನನ್ನವೂ ಛಲೋ ಇದ್ದಿದ್ರ ನಾನು ಹುಡುಕತಿದ್ದಿಲ್ಲ."

ಅಲ್ಲಿಂದ ಮುಂದೆ ಅವರು ಬಹಳ ಕೇಳಿದರು, ಕೆಲವಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಸಂಖ್ಯಾಶಾಸ್ತ್ರದ ಒಂದು ಕೋಷ್ಟಕ ತಪ್ಪಾಗಿದೆ, ತಿದ್ದಿ ಕೊಡಬೇಕು. ಪಾಸು.

ಮನೆಗೆ ಬಂದಾಗ ಅಮೃತಾ ನೆರೆಯವರಿಗೆಲ್ಲ ಪೇಡೆ ಹಂಚಿಯಾಗಿತ್ತು.

೧೩ ಸೆಪ್ಟೆಂಬರ್

ಪ್ರಬಂಧದ ಒಂದು ಪ್ರತಿಯನ್ನು ಶಾಲೆಗೆ ಕೊಟ್ಟು ಮೂರು ವಾರವಾಗಿತ್ತು. ಓಬಳೆಪ್ಪ ಸರ್ ಓದಿದ್ದಾರೆಂದು ಗೊತ್ತು, ಪುಟಗಳ ಮೂಲೆ ಮಡಚಿದ್ದವು. ಹೆಸರಿಲ್ಲದಿದ್ದರೂ ತಮ್ಮ ತರಗತಿ ಯಾವುದೆಂದು ಅವರಿಗೆ ತಿಳಿಯದೆ ಇರುವುದಿಲ್ಲ. ನನ್ನೊಡನೆ ಆ ಬಗ್ಗೆ ಒಂದು ಮಾತು ಆಡಿರಲಿಲ್ಲ. ನನ್ನ ವರ್ಗಾವಣೆಗೆ ಬರೆದಿದ್ದಾರೆಂದು ಶಿಕ್ಷಕರ ಕೊಠಡಿಯಲ್ಲಿ ಸುದ್ದಿ ಇತ್ತು. ಆದರೆ ಆಗಲಿ, ಅಲ್ಲಿಯೂ ತರಗತಿಗಳಿರುತ್ತವೆ ಎಂದು ನೂರಜಾನಬಿಗೆ ಹೇಳಿದ್ದೆ.

ಇಂದು ಮೊದಲ ಗಂಟೆಗೆ ಮುಂಚೆ ಕರೆದರು. ನಿಮ್ಮ ನಮೂನೆ ಹಾಳೆ ಇದೆಯಾ, ನನ್ನ ಗಣಿತದ ಪಾಠಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂರಿ ಎಂದರು. ಹಿಂದೆ ಕೂತರೆ ನನಗೆ ಕೇಳಿಸುವುದಿಲ್ಲ ಸರ್ ಎಂದೆ.

"ಹಂಗಾರ ಮುಂದ ಕುಂದರ್ರಿ."

ಕುರ್ಚಿಯನ್ನು ಕರಿಹಲಗೆಯ ಪಕ್ಕ, ಹುಡುಗಿಯರ ಕಡೆ ಮುಖ ಮಾಡಿ ಹಾಕಿಕೊಂಡೆ. ಕಳೆದ ವರ್ಷದ ನನ್ನ ಎಡಸಾಲೇ ಈಗ ಹತ್ತನೇ ತರಗತಿ. ಸರ್ ಹಲಗೆಯ ಮೇಲೆ ಲೆಕ್ಕ ಬರೆಯುತ್ತ, ಮುಂದಿನ ಹೆಜ್ಜೆ ಯಾವುದು ಎಂದು ಬೆನ್ನು ಮಾಡಿಕೊಂಡೇ ಕೇಳಿದರು. ಒಂದು ಸಣ್ಣ ದನಿ ಬಂತು. ಬಲಗಡೆಯಿಂದ ನಾ ಹೇಳ್ತೀನ್ರಿ ಎಂದು ಹುಡುಗರ ಕೈಗಳೆದ್ದವು. ನನಗೆ ಗೊತ್ತಿತ್ತು ಯಾರೆಂದು, ನಾನು ತಲೆ ತಗ್ಗಿಸಿ ಗೆರೆ ಎಳೆದೆ. ಸರ್ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ತಿರುಗಿದರು. ಹುಡುಗರಿಗೆ ಕೈ ಇಳಿಸಲು ಹೇಳಿದರು.

"ಈಗ ಯಾರ ಅಂದದ್ದು?"

ಹಂಪವ್ವ ಎದ್ದಳು, ಬೆಂಚಿನ ಅಂಚು ಹಿಡಿದುಕೊಂಡು. ಏನಂದೆ, ಇನ್ನೊಮ್ಮೆ ಹೇಳು ಎಂದರು ಸರ್. ಹೇಳಿದಳು. ಈ ಸಲ ಎಲ್ಲರಿಗೂ ಕೇಳಿಸಿತು.

ಉತ್ತರ ತಪ್ಪಾಗಿತ್ತು. ಸರ್ ಒಂದು ಕ್ಷಣ ನನ್ನ ಕಡೆ ನೋಡಿದರು, ಆಮೇಲೆ ಸೀಮೆಸುಣ್ಣವನ್ನು ಅವಳ ಕಡೆ ಚಾಚಿ, ಎಲ್ಲಿ ತಪ್ಪಿತು ನೋಡೋಣ ಬಾ ಎಂದು ಹಲಗೆಯ ಮುಂದೆ ಜಾಗ ಬಿಟ್ಟು ನಿಂತರು.